ಚಾಚಿದ ಕೈ

ಅಂಗಿಯ ಮೂರನೆಯ ಗುಂಡಿ ಆ ಗುರುವಾರ ಬೆಳಿಗ್ಗೆ ತಾನೇ ತಾನಾಗಿ ಕಾಜದೊಳಗೆ ನುಸುಳಿತು. ನಾಲ್ಕು ತಿಂಗಳಿಂದ ಅವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಮಾತು ಬಿಟ್ಟ ದಾಯಾದಿಗಳ ಹಾಗೆ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಗುಂಡಿ ಹಾಕುವುದು, ಚಪ್ಪಲಿಯ ಪಟ್ಟಿ ಬಿಗಿಯುವುದು, ಪೆನ್ನಿನ ಮುಚ್ಚಳ ತೆಗೆಯುವುದು ಎಲ್ಲ ಎಡಗೈಯ ಪಾಲಿಗೋ ಹೆಂಡತಿಯ ಪಾಲಿಗೋ ಬಂದಿತ್ತು. ಸಂತೋಷವಾಗಬೇಕಿತ್ತು. ಆದರೆ ಕದ್ದ ಮಾಲು ಜೇಬಿನಿಂದ ಇಣುಕಿದವನ ಹಾಗೆ ಅವನ ಎದೆ ಧಸಕ್ಕೆಂದಿತು. ಕೈ ಗುಣವಾಗುತ್ತಿದೆ. ಪೂರ್ತಿ ಗುಣವಾದರೆ ನರ್ಸಮ್ಮ ಗುರುವಾರ ಗುರುವಾರ ಬರುವುದು ನಿಲ್ಲುತ್ತದೆ. ಅವರು ಬರುವುದು ನಿಂತರೆ ಹೇಳಬೇಕಾದದ್ದನ್ನು ಹೇಳುವ ಸಂದರ್ಭವೇ ಇರುವುದಿಲ್ಲ. ಹಾಗಾದರೆ ಎಷ್ಟು ಒಳ್ಳೆಯದು ಎಂದು ಮನಸ್ಸಿನ ಒಂದು ಮೂಲೆ ಹಿಗ್ಗಿದ್ದನ್ನು ಅವನು ಕಣ್ಣಾರೆ ಕಂಡಂತೆ ಕಂಡುಬಿಟ್ಟ.

"ರೀ, ಗುಂಡಿ ನೀವೇ ಹಾಕ್ಕೊಂಡ್ರಾ?" ಎಂದಳು ಹೆಂಡತಿ, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು.

"ಹೂಂ."

"ನರ್ಸಮ್ಮ ಬಂದ ತಕ್ಷಣ ಮೊದಲು ಇದನ್ನ ತೋರಿಸ್ಬೇಕು. ಪಾಪ, ಎಷ್ಟು ಸಂತೋಷ ಪಡ್ತಾರೋ."

ಆ ಪಾಪ ಅವನ ಜೊತೆಯಲ್ಲೇ ಮೆಟ್ಟಿಲಿಳಿದು ಬೀದಿಗೆ ಬಂತು. ಎಂಥ ಸಲೀಸಾದ ಮಾತು ಅದು! ಅಯ್ಯೋ ಅನ್ನುವುದಕ್ಕೂ ಅದೇ, ಮಾಡಬಾರದ್ದನ್ನು ಮಾಡಿದ್ದಕ್ಕೂ ಅದೇ. ಕ್ಷೌರದಂಗಡಿಯವನು ಒಳಗಿನಿಂದಲೇ ಕತ್ತರಿ ಎತ್ತಿ ನಮಸ್ಕಾರ ಹೇಳಿದ. ಪೇಪರಿನಲ್ಲಿ ಫೋಟೋ ಬಂದ ಮೇಲೆ ಅವನು, ಕಾದು ಕೂತ ಇಬ್ಬರನ್ನು ಬಿಟ್ಟು ಇವನನ್ನೇ ಮೊದಲು ಕುರ್ಚಿಗೆ ಕರೆಯುತ್ತಾನೆ. ಬೇಡ, ಬೇಡ ಎಂದರೂ ಕೇಳುವುದಿಲ್ಲ. ಕಾದು ಕೂತವರೂ ಎದ್ದು ಜಾಗ ಬಿಡುತ್ತಾರೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಸಿಕೊಂಡು ಕನ್ನಡಿಯಲ್ಲಿ ಅವರ ಮುಖಗಳನ್ನು ನೋಡುತ್ತ ಕೂರುವಾಗ, ಇಲ್ಲೂ ನಾನೇ ಮೊದಲು ನುಗ್ಗಿದೆ ಎಂದು ಅವನಿಗೆ ಅನ್ನಿಸುತ್ತದೆ. ಅದಕ್ಕೇ ಎರಡು ತಿಂಗಳಿಂದ ಕೂದಲು ಕಿವಿಯ ಮೇಲೆ ಇಳಿದರೂ ಅತ್ತ ತಲೆ ಹಾಕಿಲ್ಲ. ಇವತ್ತು ರಸ್ತೆಯ ಆಚೆ ಬದಿಗೆ ದಾಟಿ, ಹಾಲಿನ ಡಬ್ಬಗಳ ಹಿಂದೆ ಹಾದು ನಡೆದ. ನಲವತ್ತೇಳು ವರ್ಷದ ಗಂಡಸು, ಅಂಚೆ ಕಚೇರಿಯ ಪಾರ್ಸೆಲ್ ಗುಮಾಸ್ತ, ಹಾಲಿನ ಡಬ್ಬಗಳ ಮರೆಯಲ್ಲಿ ಬಗ್ಗಿ ನಡೆಯುತ್ತಿದ್ದಾನೆ! ನೋಡಿದವರು ಏನೆಂದುಕೊಂಡಾರು ಎಂದು ಬೆನ್ನು ನೆಟ್ಟಗೆ ಮಾಡಿದ.

ಕಚೇರಿಯ ಹಿಂಬಾಗಿಲಲ್ಲಿ ಕಾಗದ ವಿಂಗಡಿಸುತ್ತ ಕೂತಿದ್ದ ಹಿರಿಯ ಪೋಸ್ಟ್‌ಮ್ಯಾನ್ ತಲೆ ಎತ್ತಿದ. "ಬಂದ್ರಪ್ಪಾ ವೀರಣ್ಣ! ಸಾಹೇಬರು ಆಗಿನಿಂದ ನಿಮ್ಮ ಜಪ ಮಾಡ್ತಿದಾರೆ."

ವೀರಣ್ಣ ಎಂಬುದು ಅವರಿಟ್ಟ ಹೆಸರು. ಪ್ರೀತಿಯಿಂದಲೇ ಇಟ್ಟದ್ದು. ಇದೇ ಕಚೇರಿಯಲ್ಲಿ ಸ್ಟ್ಯಾಂಪಿನ ಕೌಂಟರಿನವಳಿಗೂ ಒಂದು ಹೆಸರಿಟ್ಟಿದ್ದರು, ಗೋಂದು ಅಂತ. ಯಾರಾದರೂ ಮಾತಿಗೆ ಸಿಕ್ಕರೆ ಬಿಡುತ್ತಿರಲಿಲ್ಲ, ಅಂಟಿಕೊಂಡೇ ಬಿಡುತ್ತಿದ್ದಳು. "ಗೋಂದು ಅನ್ರಿ, ಏನಾದ್ರೂ ಅನ್ರಿ, ಒಣಗಿಹೋಗಿರೋ ನಿಮಗಿಂತ ವಾಸಿ," ಎಂದು ತಾನೇ ನಗುತ್ತಿದ್ದಳು. ದಿನಕ್ಕೆ ಹತ್ತು ಸಲ ಅವನ ಕಡೆ ತಿರುಗಿ "ಸಾರ್, ಒಂದ್ನಿಮಿಷ" ಅನ್ನುತ್ತಿದ್ದಳು. ಅಂದರೆ, ನನ್ನ ಕೌಂಟರು ನೋಡಿಕೊಳ್ಳಿ, ಮನೆಗೊಂದು ಫೋನು ಮಾಡಿ ಬರುತ್ತೇನೆ ಎಂದು ಅರ್ಥ. ಆ ಒಂದು ನಿಮಿಷ ಕಾಲು ಗಂಟೆಯಾಗುತ್ತಿತ್ತು. ಅವನು ಗೊಣಗುತ್ತಿದ್ದ. ಈಗ ಆ ಕುರ್ಚಿಯಲ್ಲಿ ವರ್ಗವಾಗಿ ಬಂದ ಒಬ್ಬ ನಡುವಯಸ್ಸಿನವನು ಕೂತು, ಯಾರ ಕೂಡ ಮಾತಾಡದೆ, ಸ್ಟ್ಯಾಂಪಿನ ಹಾಳೆಗಳನ್ನು ಗೆರೆ ಹಿಡಿದು ಹರಿಯುತ್ತಾನೆ. ಚರ್ರ್, ಚರ್ರ್ ಎಂಬ ಆ ಸದ್ದು ಬೆಳಗಿನಿಂದ ಸಂಜೆಯವರೆಗೆ ಅವನ ಹಲ್ಲಿನ ಬೇರಿಗೆ ತಾಕುತ್ತದೆ.

ಪೋಸ್ಟ್ ಮಾಸ್ಟರರು ಕನ್ನಡಕವನ್ನು ಹಣೆಗೇರಿಸಿ ಒಂದು ಉದ್ದನೆಯ ಹಾಳೆಯನ್ನು ಮೇಜಿನ ಮೇಲೆ ಅವನ ಕಡೆ ಸರಿಸಿದರು. ಇಲಾಖೆಯ ಶೌರ್ಯ ಪ್ರಶಸ್ತಿ. ಮೇಲಿನವರಿಗೆ ನಾಳೆಯೇ ಹೋಗಬೇಕು. "ಸಹೋದ್ಯೋಗಿಯನ್ನು ರಕ್ಷಿಸುವ ಸಲುವಾಗಿ ತನ್ನ ಪ್ರಾಣದ ಹಂಗು ತೊರೆದು ಕೈ ಚಾಚಿದ್ದು, ತತ್ಪರಿಣಾಮವಾಗಿ ತೀವ್ರ ಗಾಯಗೊಂಡು..." ಕೊನೆಯಲ್ಲಿ, ಮೇಲ್ಕಂಡ ವಿವರಗಳು ಸತ್ಯವೆಂದು ದೃಢೀಕರಿಸುತ್ತೇನೆ ಎಂಬ ಸಾಲು; ಅದರ ಕೆಳಗೆ ಖಾಲಿ ಜಾಗ.

"ಒಂದು ಸಹಿ ಬಿಸಾಕಿ ಅತ್ಲಾಗೆ. ಕೈ ಬರ್ದಿದ್ರೆ ಹೆಬ್ಬೆಟ್ಟು ಒತ್ತಿ, ಏನಂತೆ!" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

"ನಾಳೆ ಬೆಳಿಗ್ಗೆ ಕೊಡ್ತೀನಿ ಸಾರ್. ಒಂದ್ಸಲ ಓದ್ಬಿಟ್ಟು..."

"ಓದೋಕೇನಿದೆ? ನಿಮ್ಮ ಕಥೆ ನಿಮಗೇ ಗೊತ್ತಿಲ್ವಾ?"

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಗೊತ್ತಿತ್ತು. ಪಾರ್ಸೆಲ್ ತೂಗುವಾಗ, ಹಗ್ಗದ ಗಂಟಿಗೆ ಅರಗು ಸುರಿಯುವಾಗ, ರಸೀದಿ ಹರಿಯುವಾಗ, ಎಲ್ಲ ಹೊತ್ತಿನಲ್ಲೂ ನಾಲ್ಕು ತಿಂಗಳ ಹಿಂದಿನ ಆ ಮಂಗಳವಾರದ ಹನ್ನೊಂದೂಕಾಲು ಗಂಟೆ ಅವನೊಳಗೆ ನಡೆಯುತ್ತಲೇ ಇತ್ತು. ಉದ್ದ ತೋಳಿನ ಅಂಗಿ ತೊಟ್ಟು, ತಲೆ ಬಾಚಿಕೊಂಡ ಒಬ್ಬ ಸಾಧಾರಣ ಮನುಷ್ಯ ಸ್ಟ್ಯಾಂಪಿನ ಸಾಲಿನಲ್ಲಿ ನಿಂತಿದ್ದ. ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳಿಗೆ ತನ್ನ ಜಾಗ ಬಿಟ್ಟುಕೊಟ್ಟಿದ್ದ ಕೂಡ. ತನ್ನ ಸರದಿ ಬಂದಾಗ ಕೈಚೀಲದಿಂದ ಕೊಡಲಿ ತೆಗೆದ. ಹಿಂದೆ ನಿಂತಿದ್ದ ನಿವೃತ್ತ ಮೇಷ್ಟ್ರು ಮೊದಲು ಬಿದ್ದರು, ಮೊಮ್ಮಗಳಿಗೆ ಬರೆದ ಕಾಗದ ಕೈಯಲ್ಲೇ ಇತ್ತು. ಯಾಕೆ ಎಂದು ಆಮೇಲೆ ಪೊಲೀಸರು ಕೇಳಿದರು, ಡಾಕ್ಟರು ಕೇಳಿದರು, ಪೇಪರಿನವರು ಕೇಳಿದರು. ಹೇಳಲು ಆ ಕೊಡಲಿಯವನ ಬಳಿಯೂ ಏನೂ ಇರಲಿಲ್ಲವಂತೆ. ಆ ಕಚೇರಿಯ ಯಾರನ್ನೂ ಅವನು ಹಿಂದೆ ನೋಡಿರಲೇ ಇಲ್ಲ. ಅವನು ಕೌಂಟರು ಹಾರಿದಾಗ ಗುಮಾಸ್ತ ಓಡಿದ. ಹಿಂದೆ ಅಂಚೆ ಚೀಲಗಳನ್ನು ಇಡುವ ಕೋಣೆ. ನಾಲ್ಕು ಹೆಜ್ಜೆ. ಆ ಕೋಣೆಯ ಬಾಗಿಲು ಹೊರಕ್ಕೆ ತೆರೆಯುವಂಥದು. ಮುಚ್ಚಬೇಕೆಂದರೆ ಒಳಗೆ ನಿಂತವನು ಹೊರಗೆ ಕೈ ಚಾಚಿ ಹಿಡಿಯನ್ನು ಎಳೆದುಕೊಳ್ಳಬೇಕು. ಗುಮಾಸ್ತ ಕೈ ಚಾಚಿದ. ಎದುರಿಗೆ, ಸ್ಟ್ಯಾಂಪಿನ ಕೌಂಟರಿನಿಂದ ಅವಳು ಓಡಿ ಬರುತ್ತಿದ್ದಳು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಕಣ್ಣಿಗೆ ಕಣ್ಣು ಕೂಡಿತು. "ಸಾರ್, ಒಂದ್ನಿಮಿಷ," ಎಂದಳು. ಕೂಗಲಿಲ್ಲ. ದಿನಾ ಅನ್ನುವ ಹಾಗೆಯೇ ಅಂದಳು. ಅವನ ಬೆರಳಿಗೆ ಬಾಗಿಲಿನ ಹಿಡಿ ಸಿಕ್ಕಿತು. ತೋಳಿಗೆ ಕೊಡಲಿಯ ಏಟು ಬಿದ್ದದ್ದು ಆಗ. ನೋವು ಗೊತ್ತಾಗಲಿಲ್ಲ, ಮೈಯ ಭಾರವನ್ನೆಲ್ಲ ಹಾಕಿ ಎಳೆದ. ಬಾಗಿಲಿನ ಅಂಚಿಗೆ ತನ್ನದೇ ತೋಳು ಸಿಕ್ಕಿಕೊಂಡು ನಜ್ಜುಗುಜ್ಜಾಯಿತು. ಕಿತ್ತುಕೊಂಡು, ಎಡಗೈಯಿಂದ ಚಿಲಕ ಹಾಕಿದ.

ಹೊರಗೆ ಬರೆಯುವ ಮೇಜಿನ ಕೆಳಗೆ ಅವಿತಿದ್ದ ಗಿರಾಕಿಗೆ ಕಂಡದ್ದು ಒಂದು ತೋಳು ಮಾತ್ರ, ಅವಳತ್ತ ಚಾಚಿದ ತೋಳು. ಗಿರಾಕಿ ಕಂಡದ್ದನ್ನು ಹೇಳಿದ, ಪೇಪರಿನವರು ಬರೆದರು. ಆಸ್ಪತ್ರೆಯಲ್ಲಿ ಮಂಪರು ಹರಿದು ಕಣ್ಣು ಬಿಟ್ಟಾಗ ಹೆಂಡತಿ ಆ ಪೇಪರು ಹಿಡಿದು ಕೂತಿದ್ದಳು. ಮದುವೆಯಾದ ಇಪ್ಪತ್ತೊಂದು ವರ್ಷಗಳಲ್ಲಿ ಅವಳು ಅವನನ್ನು ಹಾಗೆ ನೋಡಿದ್ದೇ ಇಲ್ಲ. ಹಾಗಲ್ಲ ಕಣೇ ಎಂದು ಬಾಯಿ ತೆರೆದ, ನೀರು ಕುಡಿಸಿದಳು. ಅಷ್ಟೇ. ಸುಳ್ಳು ಹೇಳಬೇಕಾಗಿ ಬರಲೇ ಇಲ್ಲ. ಎಲ್ಲರೂ ಸೇರಿ ತಯಾರು ಮಾಡಿಟ್ಟ ಸುಳ್ಳಿನೊಳಗೆ ಅವನು ಮಲಗಿದ್ದರೆ ಸಾಕಾಗಿತ್ತು.

ಆದರೆ ಒಂದು ಸುಳ್ಳನ್ನು ಅವನು ತಾನಾಗಿಯೇ ಹೇಳಿದ್ದ. ಮೂರನೆಯ ದಿನ ಸತ್ತವಳ ತಾಯಿ ನರ್ಸಮ್ಮ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಬಂದವರು ಅಳಲಿಲ್ಲ, ಹಾಸಿಗೆಯ ಪಕ್ಕದ ಚೀಟಿ ಓದಿದರು, ಡ್ರೆಸಿಂಗ್ ಬದಲಾಯಿಸಲು ಬಂದ ಹುಡುಗಿಯ ಕೈಯಿಂದ ಇಕ್ಕಳ ತೆಗೆದುಕೊಂಡು ತಾವೇ ಗಾಯ ಒರೆಸಿದರು, ತೋಳನ್ನು ಅತ್ತ ಇತ್ತ ತಿರುಗಿಸಿ ಬಹಳ ಹೊತ್ತು ನೋಡಿದರು. ಪಟ್ಟಿ ಕಟ್ಟಿ ಮುಗಿಸಿದ ಮೇಲೆ, "ಕೊನೇಲಿ ಏನಾದ್ರೂ ಅಂದ್ಲಾ?" ಎಂದು ಕೇಳಿದರು. ಅವನಿಗೆ ಏನಾಯಿತೋ, "ಅಮ್ಮಾ ಅಂದ್ಲು," ಎಂದುಬಿಟ್ಟ. ಆಗ ಅತ್ತರು, ಹಾಸಿಗೆಯ ಕಬ್ಬಿಣದ ಕಂಬಿ ಹಿಡಿದುಕೊಂಡು. ಅವನು ಮನೆಗೆ ಬಂದ ಮೇಲೆ ಗುರುವಾರ ಗುರುವಾರ ಸಂಜೆ ಐದೂವರೆಗೆ ತಪ್ಪದೆ ಬಂದು ಬೆರಳುಗಳಿಗೆ ವ್ಯಾಯಾಮ ಮಾಡಿಸತೊಡಗಿದರು. ಹದಿನೈದು ಗುರುವಾರ. ಪ್ರತಿ ಗುರುವಾರ ಅವನು ಆ ಕೈಯನ್ನು ಚಾಚಿ ಅವರ ತೊಡೆಯ ಮೇಲೆ ಇಟ್ಟಿದ್ದಾನೆ.

ಮಧ್ಯಾಹ್ನ ಊಟದ ಡಬ್ಬಿ ತೆರೆದು ಮುಚ್ಚಿದ. ಒಂದೇ ಪಾರ್ಸೆಲ್ಲನ್ನು ಎರಡೆರಡು ಸಲ ತೂಗಿದ. ಹಾಳೆ ಜೇಬಿನಲ್ಲಿ ಸರಸರ ಅನ್ನುತ್ತಿತ್ತು. ಸಹಿ ಹಾಕಿದರೆ ಯಾರಿಗೇನು ನಷ್ಟ? ಸತ್ತವಳು ಎದ್ದು ಬರುವುದಿಲ್ಲ. ತನ್ನ ಮಗಳಿಗಾಗಿ ಒಬ್ಬ ಕೈ ಚಾಚಿದ ಎಂಬುದಷ್ಟೇ ಆ ತಾಯಿಗೆ ಉಳಿದಿರುವುದು, ಅದನ್ನೂ ಕಿತ್ತುಕೊಳ್ಳುವುದು ಯಾವ ನ್ಯಾಯ? ಹೀಗೆ ಯೋಚಿಸುವಾಗಲೆಲ್ಲ ತಾನು ಎಷ್ಟು ದಯಾವಂತ ಎನಿಸಿ ಕಣ್ಣು ತುಂಬುತ್ತಿತ್ತು. ಮರುಗಳಿಗೆಗೆ ಆ ಕಣ್ಣೀರು ಕಂಡು ಹೇಸಿಗೆಯಾಗುತ್ತಿತ್ತು. ಅರ್ಧ ಗಳಿಗೆ ಕಾದಿದ್ದರೆ ಇಬ್ಬರೂ ಒಳಗಿರುತ್ತಿದ್ದೆವು. ಅಥವಾ ಇಬ್ಬರೂ ಹೊರಗೆ ಬಿದ್ದಿರುತ್ತಿದ್ದೆವು. ಈ ಲೆಕ್ಕ ಒಂದು ದಿನವೂ ಒಂದೇ ಉತ್ತರ ಕೊಟ್ಟಿಲ್ಲ.

ನರ್ಸಮ್ಮ ಐದೂವರೆಗೆ ಸರಿಯಾಗಿ ಬಂದರು, ಮೆಟ್ಟಿಲು ಹತ್ತಿದ ಏದುಸಿರಿನ ಜೊತೆ. ಹೆಂಡತಿ ಬಾಗಿಲಲ್ಲೇ ಗುಂಡಿಯ ಸಮಾಚಾರ ಹೇಳಿದಳು. "ಹೌದಾ? ಎಲ್ಲಿ, ನೋಡೋಣ," ಎಂದು ಅವರು ಮೊಣಕಾಲು ಹಿಡಿದುಕೊಂಡು ಬೆತ್ತದ ಮೋಡಾದ ಮೇಲೆ ಕೂತು, ಅವನ ಕೈ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಚತೊಡಗಿದರು. ಒಂದು. ಎರಡು. ಒತ್ತಿ ಹಿಡಿಯಿರಿ. ಬಿಡಿ. ಮೂರು. ಅವರ ತಲೆ ಬಗ್ಗಿತ್ತು. ಬೈತಲೆಯಲ್ಲಿ ಬೆವರಿನ ಸಣ್ಣ ಹನಿಗಳಿದ್ದವು. ಕಿಟಕಿಯ ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ನಾಲ್ಕು. ಐದು. ಆ ಸ್ಕೂಟರು ಹೊತ್ತಿಕೊಂಡ ಮೇಲೆ ಹೇಳೋಣ ಎಂದುಕೊಂಡ. ಹೊತ್ತಿಕೊಂಡಿತು, ಹೋಯಿತು. ಆರು.

"ಅವಳು ಅಮ್ಮಾ ಅನ್ನಲಿಲ್ಲ," ಎಂದ.

ನರ್ಸಮ್ಮನ ಬೆರಳುಗಳು ನಿಂತವು.

"ಸಾರ್ ಒಂದ್ನಿಮಿಷ ಅಂದ್ಲು. ನನ್ನನ್ನ ಕೇಳಿದ್ಲು. ನಾನು ಕೈ ಚಾಚಿದ್ದು ಅವಳಿಗಲ್ಲಮ್ಮ. ಬಾಗಿಲು ಎಳ್ಕೊಳ್ಳೋಕೆ. ಅವಳನ್ನ ನೋಡ್ತಾ ನೋಡ್ತಾನೇ ಎಳ್ಕೊಂಡೆ. ಚಿಲಕ ಹಾಕ್ದೆ. ಆಮೇಲೆ ಬಾಗಿಲು ಬಡಿದ್ಲು. ಎರಡು ಸಲ. ತೆಗೀಲಿಲ್ಲ ನಾನು."

ಬಾಗಿಲು ಬಡಿದದ್ದನ್ನು ಅವನು ತನಗೆ ತಾನೂ ಇದುವರೆಗೆ ಹೇಳಿಕೊಂಡಿರಲಿಲ್ಲ. ಅಡುಗೆ ಮನೆಯಲ್ಲಿ ಸ್ಟವ್ ಆರಿತು. ಹೆಂಡತಿ ಟೀ ಲೋಟಗಳನ್ನು ಹಿಡಿದು ಹೊಸ್ತಿಲಲ್ಲಿ ನಿಂತವಳು ಅಲ್ಲೇ ಉಳಿದಳು. ನರ್ಸಮ್ಮ ಅವನ ಕೈಯನ್ನು ತೊಡೆಯ ಮೇಲಿಂದ ಎತ್ತಿ, ಒಡೆಯುವ ವಸ್ತುವೊಂದನ್ನು ಇಡುವ ಹಾಗೆ, ಅವನ ಮಡಿಲಲ್ಲೇ ಇಟ್ಟರು.

"ಬಾಗಿಲಿನ ವಿಷಯ ನನಗೆ ಗೊತ್ತಿತ್ತು," ಎಂದರು. "ಮೂರನೇ ದಿನಾನೇ ಗೊತ್ತಾಯ್ತು. ತೋಳಿನ ಒಳಬದೀಲಿ ನೆಟ್ಟಗೆ ನೀಲಿ ಗೆರೆ ಇತ್ತು. ಬಾಗಿಲಿಗೆ ಸಿಕ್ಕಿದ ಕೈ ಎಷ್ಟು ನೋಡಿಲ್ಲ ನಾನು! ಮೊದಮೊದಲು ನಿಮ್ಮ ಬೆರಳು ಮುರಿದುಬಿಡೋಣ ಅಂತಾನೇ ಬರ್ತಿದ್ದೆ. ನೋವಾಗೋ ಕಡೆ ಬೇಕೂಂತಲೇ ಒತ್ತಿದೀನಿ. ನಿಮಗೆ ಗೊತ್ತಾಗಿರ್ಬೇಕು."

ಗೊತ್ತಾಗಿತ್ತು. ಅದು ಚಿಕಿತ್ಸೆ ಎಂದುಕೊಂಡಿದ್ದ. ಅಲ್ಲ, ಶಿಕ್ಷೆ ಎಂದುಕೊಂಡು ಒಳಗೊಳಗೇ ಹಾಯೆನಿಸಿದ್ದೂ ಉಂಟು.

"ಆಮೇಲೆ ಹೆಬ್ಬೆರಳು ಅಲ್ಲಾಡ್ತು. ಅಲ್ಲಾಡಿದ ಕೈನ ಬಿಟ್ಟು ಹೋಗೋಕೆ ನನಗೆ ಬರಲ್ಲ, ಅಭ್ಯಾಸ ಇಲ್ಲ. ಅವಳು ಹೋದ ಮೇಲೆ ದೇವರ ಮುಂದೆ ಕೂತ್ರೆ ಬಾಯಿಗೆ ಒಂದು ಮಾತೂ ಬರ್ತಿರ್ಲಿಲ್ಲ. ಇಲ್ಲಿ ಬಂದು ಒಂದು ಎರಡು ಅಂತ ಎಣಿಸ್ತಿದ್ದೆ, ಅದೇ ನನ್ನ ಪ್ರಾರ್ಥನೆ ಆಗಿತ್ತು. ಈ ಮನುಷ್ಯ ಇವತ್ತಲ್ಲ ನಾಳೆ ಬಾಯಿ ಬಿಟ್ಟು ಹೇಳ್ತಾನೆ ಅಂತ ಒಂದು ನಂಬಿಕೆ. ಇನ್ಯಾವ ನಂಬಿಕೇನೂ ಉಳಿದಿರ್ಲಿಲ್ಲ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು, ಮತ್ತೆ ಸುತ್ತಿದರು. ಇದ್ದಕ್ಕಿದ್ದಂತೆ ಮುಖ ಮೇಲೆತ್ತಿದರು. "ಆದ್ರೆ ಆ ಮಾತೂ ಸುಳ್ಳಾ? ಅಮ್ಮಾ ಅಂದಿದ್ದು? ಬಾಗಿಲು ಮುಚ್ಚಿದ್ರೆ ಮುಚ್ಕೊಳ್ಳಲಿ, ಆ ಮಾತೊಂದು ನಿಜ ಇರ್ಲಿ ಅಂತ ನಾನು... ಅದನ್ನ ಯಾಕೆ ಹೇಳ್ದೆಯೋ? ಸುಳ್ಳು ಹೇಳು ಅಂತ ಯಾರು ಕೇಳಿದ್ರು ನಿನ್ನನ್ನ, ಯಾಕೆ ಹೇಳ್ದೆ?"

ಅವರು ಅವನನ್ನು ನೀನು ಎಂದದ್ದು ಅದೇ ಮೊದಲು. ಅವನಿಗೆ ಉತ್ತರ ಇರಲಿಲ್ಲ. ಆ ಕೊಡಲಿಯವನಿಗೆ ಇಲ್ಲದಿದ್ದ ಹಾಗೆಯೇ ಇರಲಿಲ್ಲ ಎಂಬ ಯೋಚನೆ ಬಂತು. ಅವರು ಎದ್ದರು. ಗೋಡೆ ಹಿಡಿದು ಬಾಗಿಲವರೆಗೆ ಹೋದರು. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು ಒಂದೊಂದಾಗಿ ಇಳಿಯಿತು.

ಹೆಂಡತಿ ಲೋಟಗಳನ್ನು ಮೇಜಿನ ಮೇಲಿಟ್ಟಳು. "ನನಗ್ಯಾಕೆ ಹೇಳ್ಲಿಲ್ಲ?"

"ನೀನು ಸಂತೋಷವಾಗಿದ್ದೆ."

ಅವಳು ಕಿಟಕಿಯ ಹತ್ತಿರ ಹೋದಳು. "ಅಲ್ಲೇ ನಿಂತಿದಾರೆ ಅವರು," ಎಂದಳು. ಅವನೂ ಹೋಗಿ ನೋಡಿದ. ಕೆಳಗೆ, ಇಸ್ತ್ರಿಯಂಗಡಿಯ ಮುಂದೆ, ನರ್ಸಮ್ಮ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದರು. ಶಾಲೆ ಬಿಟ್ಟ ಮಕ್ಕಳು ಅವರನ್ನು ಎರಡೂ ಕಡೆಯಿಂದ ಬಳಸಿಕೊಂಡು ಹೋದರು. ಬಸ್ಸೊಂದು ನಿಂತಿತು, ಹೊರಟಿತು, ಅವರು ಹತ್ತಲಿಲ್ಲ. ಕೆಳಗೆ ಹೋಗಲೇ ಎಂದುಕೊಂಡ. ಹೋಗಿ ಏನು ಹೇಳುವುದು? ಕಾಲುಗಳು ಅವನಿಗಿಂತ ಮೊದಲೇ ಸುಮ್ಮನಾಗಿದ್ದವು. ಎಷ್ಟು ಹೊತ್ತಾಯಿತೋ, ಮತ್ತೆ ನೋಡಿದಾಗ ಅಂಗಡಿಯ ಮುಂದೆ ಅವರಿರಲಿಲ್ಲ. ಮೆಟ್ಟಿಲ ಮೇಲೆ ಸದ್ದಾಯಿತು. ಈ ಸಲ ಮೊದಲಿಗಿಂತ ನಿಧಾನ, ಎರಡು ಮೆಟ್ಟಿಲಿಗೊಮ್ಮೆ ನಿಂತು ನಿಂತು. ನರ್ಸಮ್ಮ ಒಳಗೆ ಬಂದು ಮೋಡಾದ ಮೇಲೆ ಕೂತರು.

"ಆರಕ್ಕೆ ನಿಲ್ಲಿಸಿದ್ವಿ," ಎಂದರು. "ಹತ್ತು ಆಗ್ಬೇಕು. ಕೈ ಕೊಡು."

ಕೊಟ್ಟ. ಏಳು. ಎಂಟು. ಒಂಬತ್ತಕ್ಕೆ ಅವನ ಮೂಗಿನಿಂದ ನೀರು ಇಳಿದು ತುಟಿಗೆ ಬಂತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಎಡಗೈ ಇದೆ ಎಂಬುದೇ ಮರೆತುಹೋಗಿತ್ತು. ಹತ್ತು.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡ," ಎಂದರು, ಕೈ ಬಿಡದೆ. "ಅದು ಬರತ್ತೋ ಇಲ್ವೋ ನನಗೇ ಗೊತ್ತಿಲ್ಲ. ಬಂದ್ರೆ ಹೇಳ್ತೀನಿ. ಭಾನುವಾರ ಮನೆಗೆ ಬಾ. ಅಳಿಯ ಇರ್ತಾರೆ. ಅವರಿಗೂ ನೀನೇ ಹೇಳ್ಬೇಕು, ನಾನು ಹೇಳಲ್ಲ." ಆಮೇಲೆ ತಣ್ಣಗಾಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ಹೆಂಡತಿಯ ಬೆನ್ನು ತಟ್ಟಿ ಹೊರಟರು.

ಮರುದಿನ ಪೋಸ್ಟ್ ಮಾಸ್ಟರರಿಗೆ ಹೇಳುವುದು ಸುಲಭವಾಗಿರಬಹುದೆಂದುಕೊಂಡಿದ್ದ. ಹಾಗಾಗಲಿಲ್ಲ. ಅವರು ಮೊದಲು ನಕ್ಕರು. ಆಮೇಲೆ ಮುಖ ಸಿಂಡರಿಸಿ, "ಮೂರು ಪ್ರತಿ ಟೈಪಾಗಿ ಕೂತಿದೆ ಕಣ್ರೀ, ಈಗ ಬಂದು ಹೇಳ್ತೀರಲ್ಲ!" ಎಂದರು. ಏನು ಮಾಡಲೂ ತೋಚದೆ ಅವನು ತಂದಿಟ್ಟ ಸಹಿಯಿಲ್ಲದ ಹಾಳೆಯನ್ನು ತಿರುಗಿಸಿ ಅದರ ಬೆನ್ನಿನ ಮೇಲೆ ಏನೋ ಗೀಚಿದರು. ಕೊನೆಗೆ ಮೆಲ್ಲಗೆ, "ಅವತ್ತು ನಾನು ಕಕ್ಕಸಿನಲ್ಲಿದ್ದೆ. ಗಲಾಟೆ ಕೇಳಿಸ್ತು. ನಾನೂ ಹೊರಗೆ ಬರ್ಲಿಲ್ಲ," ಎಂದರು, ಅವನ ಕಡೆ ನೋಡದೆ. ಹೊರಗೆ ಪೋಸ್ಟ್‌ಮ್ಯಾನುಗಳು ಮಾತು ನಿಲ್ಲಿಸಿದ್ದರು. ಗೋಡೆ ತೆಳ್ಳಗಿನದು. ಆ ದಿನ ಯಾರೂ ಅವನನ್ನು ವೀರಣ್ಣ ಎನ್ನಲಿಲ್ಲ. ಬೇರೆ ಏನೂ ಅನ್ನಲಿಲ್ಲ. ಊಟಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಅವನೊಬ್ಬನೇ ಕೂತು ಡಬ್ಬಿ ಪೂರ್ತಿ ಖಾಲಿ ಮಾಡಿದ. ಅಷ್ಟು ಹಸಿವಾಗಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಭಾನುವಾರ ಹನ್ನೊಂದಕ್ಕೆ ನರ್ಸಮ್ಮನ ಬೀದಿ ಹುಡುಕಿಕೊಂಡು ಹೋದ. ಹೆಂಡತಿ, ನಾನೂ ಬರುತ್ತೇನೆ ಎಂದವಳು, ತಿರುವಿನವರೆಗೆ ಬಂದು, "ನೀವು ಹೋಗಿ ಬನ್ನಿ, ಇಲ್ಲೇ ಇರ್ತೀನಿ," ಎಂದು ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತಳು. ಎರಡು ದಿನದಿಂದ ಅವಳು ಅವನ ಜೊತೆ ಎಣಿಸಿ ಎಣಿಸಿ ಮಾತಾಡಿದ್ದಳು. ಆದರೆ ಬಂದಿದ್ದಳು. ಸಣ್ಣ ಮನೆ, ಮುಂದೆ ಒಗೆದ ಬಟ್ಟೆ ಹರವಿದ್ದರು. ಸತ್ತವಳ ಗಂಡ ಬಾಗಿಲಿಗೆ ಬಂದ. ಬಸ್ ಡಿಪೋದ ಮೆಕ್ಯಾನಿಕ್ಕು, ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿತ್ತು. ಅವನಿಗೆ ಪೇಪರಿನಲ್ಲಿ ಬಂದದ್ದಷ್ಟೇ ಗೊತ್ತು. ಎರಡೂ ಕೈ ಮುಗಿದು, ಗುಮಾಸ್ತನ ಬಲಗೈಯನ್ನು ತನ್ನ ಕೈಗಳಲ್ಲಿ ತೆಗೆದುಕೊಂಡು, "ಬನ್ನಿ ಸಾರ್, ಬನ್ನಿ. ನಾನೇ ಬಂದು ಕಾಣ್ಬೇಕಿತ್ತು ನಿಮ್ಮನ್ನ. ಧೈರ್ಯ ಆಗ್ತಿರ್ಲಿಲ್ಲ," ಎಂದ.

ಒಳಗೆ ನರ್ಸಮ್ಮ ಸೊಪ್ಪು ಸೋಸುತ್ತ ನೆಲದ ಮೇಲೆ ಕೂತಿದ್ದರು. ತಲೆ ಎತ್ತಿ ಅವನನ್ನು ನೋಡಿದರು. ಮುಖದಲ್ಲಿ ಕರುಣೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ವಾರ್ಡಿನಲ್ಲಿ ಅದೆಷ್ಟು ಜನರನ್ನು ಹಾಗೆ ನೋಡಿ, ಏಳಬಲ್ಲರೇ ಎಂದು ಅಳೆದಿದ್ದರೋ! ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇವರು ಏನೋ ಹೇಳ್ಬೇಕಂತೆ," ಎಂದರು ಅಳಿಯನಿಗೆ. "ಕೂತ್ಕೊಳ್ಳಿ. ಪೂರ್ತಿ ಕೇಳಿ. ಮಧ್ಯ ಎದ್ದು ಹೋಗ್ಬೇಡಿ."

ಮೆಕ್ಯಾನಿಕ್ಕು ಅವನ ಕೈ ಬಿಟ್ಟು ಕೂತ. ಗುಮಾಸ್ತನಿಗೂ ಒಂದು ಕುರ್ಚಿ ಇತ್ತು, ಅವನು ಕೂರಲಿಲ್ಲ. ಬೀದಿಯಿಂದ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದು, ಮೆಕ್ಯಾನಿಕ್ಕಿನ ಪಾದದವರೆಗೆ ಹರಿದಿತ್ತು. ಹೊರಗೆ ಓಡಿಬಿಡಲು ಏನೂ ಅಡ್ಡಿ ಇರಲಿಲ್ಲ. ನಾಲ್ಕು ಹೆಜ್ಜೆಯೂ ಇಲ್ಲ. ಅವನು ನಿಂತಲ್ಲೇ ನಿಂತ.

"ಅವತ್ತು ಮೊದಲು ಓಡಿದ್ದು ನಾನು," ಎಂದು ಶುರು ಮಾಡಿದ.